ಎರಡು ತರಬೇತಿ ಶಾಲೆ, ಮೂರು ಸುತ್ತು

ಆ ಮನೆಯಲ್ಲಿ ಮಾತಿನಿಂದ ಬಗೆಹರಿಯದ ವಿಷಯ ಯಾವುದೇ ಇರಲಿ, ಅದು ಮೆಟ್ಟಿಲಿಳಿದು ಕೆಳಗಿನ ಬಾಕ್ಸಿಂಗ್ ರಿಂಗಿಗೆ ಹೋಗುತ್ತಿತ್ತು. ಮೂರು ಸುತ್ತು. ಗೆದ್ದವರ ಮಾತೇ ಕೊನೆಯ ಮಾತು. ಅಡುಗೆಮನೆಗೆ ಯಾವ ಬಣ್ಣ ಎಂಬ ಪ್ರಶ್ನೆಗೆ ಎರಡು ದವಡೆ ಜಾರಿದ ಮೇಲೆ ಬಣ್ಣ ಹಳದಿಯಾಯಿತು. ಬೆಳಿಗ್ಗೆ ಬಚ್ಚಲಿಗೆ ಮೊದಲು ಯಾರು ಎಂಬುದಕ್ಕೆ ಬಿದ್ದ ಪೆಟ್ಟಿನ ಸದ್ದಿಗೆ ಎದುರುಮನೆಯ ಗೋಡೆ ಗಡಿಯಾರ ಅರ್ಧ ಗಂಟೆ ಮುಂದಕ್ಕೆ ಜಿಗಿದು, ಆ ಮನೆಯವರೆಲ್ಲ ಅಂದು ಕೆಲಸಕ್ಕೆ ಬೇಗ ಹೋಗಿ ಬೈಸಿಕೊಂಡರಂತೆ. ಅತ್ತೆಗೆ ಹರೆಯದಲ್ಲಿ ಒಬ್ಬ ಟೈಲರ್ ಮೇಲೆ ಮನಸ್ಸಾಗಿತ್ತು. ಬೇಡ ಎಂದ ತಮ್ಮನನ್ನು, ಅಂದರೆ ಈಗಿನ ಮನೆ ಯಜಮಾನನನ್ನು, ಅವಳು ಎರಡನೇ ಸುತ್ತಿನಲ್ಲೇ ಮಲಗಿಸಿ ಗೆದ್ದಳು. ಹಗ್ಗದಾಚೆ ನಿಂತು ಅದನ್ನು ನೋಡಿದ ಟೈಲರ್, ಅಳತೆಯ ಟೇಪು ಕೊರಳಲ್ಲಿರುವಂತೆಯೇ ಓಟ ಕಿತ್ತವನು ಇನ್ನೂ ಎಲ್ಲೋ ಓಡುತ್ತಲೇ ಇದ್ದಾನೆ ಎಂಬುದು ಬೀದಿಯವರ ನಂಬಿಕೆ.

ಅಂಥ ಮನೆಯ ಮಗಳು ಇಂಗ್ಲಿಷ್ ಟೀಚರ್ ಆಗಲು ಎಲ್ಲಿ ತರಬೇತಿ ಪಡೆಯಬೇಕು ಎಂಬ ಪ್ರಶ್ನೆಯೂ ರಿಂಗಿಗೇ ಇಳಿಯಿತು ಎಂದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಹುಬ್ಬು ಹರಿದದ್ದಂತೂ ನಿಜ, ಅದು ಆಮೇಲೆ.

ಅವಳನ್ನು ಎಲ್ಲರೂ ಹತ್ತಿ ಎಂದೇ ಕರೆಯುತ್ತಿದ್ದರು. ಕಿವಿಗಳ ಹಿಂದೆ, ಹಲ್ಲುಗಳ ನಡುವೆ, ಜಡೆಯ ತುಂಬ ಹತ್ತಿ ಸುತ್ತಿದ ಕಡ್ಡಿಗಳನ್ನು ಸಿಕ್ಕಿಸಿಕೊಂಡು ಓಡಾಡುವವಳ ಮೈಮೇಲೆ ಬೇರೆ ಹೆಸರು ಅಂಟಲು ಜಾಗವಾದರೂ ಎಲ್ಲಿತ್ತು? ಅವಳ ಕೆಲಸ ರಕ್ತ ನಿಲ್ಲಿಸುವುದು. ಪಂದ್ಯದ ಎರಡು ಸುತ್ತುಗಳ ನಡುವೆ ಸಿಗುವ ಒಂದೇ ಒಂದು ನಿಮಿಷದಲ್ಲಿ, ಸೀಳಿದ ಹುಬ್ಬಿನೊಂದಿಗೆ ಮೂಲೆಗೆ ಬಂದು ಸ್ಟೂಲಿನ ಮೇಲೆ ಕುಸಿಯುವ ಬಾಕ್ಸರನ ಗಾಯಕ್ಕೆ ಔಷಧಿಯ ಹತ್ತಿ ಒತ್ತಿ, ಊದಿದ ಕೆನ್ನೆಗೆ ಐಸಿನಲ್ಲಿಟ್ಟ ಕಬ್ಬಿಣದ ಬಿಲ್ಲೆ ಅದುಮಿ, ಮೇಲೆ ವ್ಯಾಸಲೀನ್ ಮೆತ್ತಿ, ಮತ್ತೆ ಹೊಡೆಸಿಕೊಳ್ಳಲು ಕಳಿಸಬೇಕು. ಅವಳು ಒತ್ತಿದರೆ ಒಡೆದ ಅಣೆಕಟ್ಟೂ ನಿಲ್ಲುತ್ತಿತ್ತು. ಎಲ್ಲೆಲ್ಲಿಂದಲೋ ಬಂದ ಬಾಕ್ಸರುಗಳು ಆ ಸ್ಟೂಲಿನ ಮೇಲೆ ಕೂತಿದ್ದಾರೆ. ಅವರಿಗೂ ಅವಳಿಗೂ ನಡುವೆ ಇದ್ದದ್ದು ಇಂಗ್ಲಿಷ್ ಒಂದೇ. ತಲೆಯೊಳಗೆ ಜೇನುಗೂಡು ಎದ್ದವನಿಗೂ ಅರ್ಥವಾಗುವಂತೆ ಒಂದು ನಿಮಿಷದಲ್ಲಿ ಹೇಳಬೇಕಾದ್ದನ್ನು ಹೇಳಿ ಹೇಳಿ ಅವಳ ಮಾತು ಚೂರಿಯಷ್ಟು ಚೊಕ್ಕವಾಗಿತ್ತು. ಮಾತು ಮುಗಿದ ಮೇಲೆ "ಏನಂದೆ, ಹೇಳು?" ಎಂದು ಕೇಳಿ, ಅವನ ಬಾಯಿಂದ ವಾಪಸ್ ಹೇಳಿಸದೆ ಅವಳು ಯಾರನ್ನೂ ಎಬ್ಬಿಸುತ್ತಿರಲಿಲ್ಲ.

ಅವಳಿಗೆ ಆ ಕೆಲಸ ಸಾಕಾದದ್ದು ಚಿಟ್ಟೆಯಿಂದ. ಚಿಟ್ಟೆ ಎಂದರೆ ಅಪ್ಪನ ಬಳಿ ಪಳಗಿದ ಹಗುರ ತೂಕದ ಬಾಕ್ಸರ್, ಕಾಲು ನೆಲಕ್ಕೆ ತಾಗದಂತೆ ಆಡುವವನು. ಒಂದು ಪಂದ್ಯದಲ್ಲಿ ಅವನ ಕಣ್ಣಿನ ಮೇಲೆ ಆಳವಾಗಿ ಸೀಳಿತು. "ಮುಚ್ಚು," ಎಂದ ಅಪ್ಪ. ಮುಚ್ಚಿದಳು. ಮುಂದಿನ ಸುತ್ತಿನಲ್ಲಿ ಅದೇ ಜಾಗಕ್ಕೆ ಏಟು ಬಿತ್ತು. "ಮುಚ್ಚು." ಮತ್ತೆ ಮುಚ್ಚಿದಳು. ಅವಳು ಮುಚ್ಚದೇ ಇದ್ದಿದ್ದರೆ ರೆಫರಿ ಪಂದ್ಯ ನಿಲ್ಲಿಸುತ್ತಿದ್ದ. ಚಿಟ್ಟೆ ಈಗ ರಸ್ತೆ ದಾಟುವಾಗ ತಲೆಯನ್ನು ಪೂರ್ತಿ ತಿರುಗಿಸಿ ನೋಡಬೇಕು. ಆ ಕಡೆಯ ಕಣ್ಣಿಗೆ ಏನೂ ಕಾಣುವುದಿಲ್ಲ. ತನ್ನ ಎದುರು ಬಂದು ಕೂತವರು ಏನನ್ನಾದರೂ ಕಲಿತು, ಎರಡೂ ಕಣ್ಣಿನೊಂದಿಗೆ ಮನೆಗೆ ಹೋಗುವ ಕೆಲಸ ಯಾವುದಿದೆ ಎಂದು ಅವಳು ಹುಡುಕತೊಡಗಿದ್ದು ಆಗ.

ಸಿಕ್ಕಿದ್ದು ಎರಡು ಶಾಲೆ. ಒಂದು ಅದೇ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲೆ. ಅದರ ಡೈರೆಕ್ಟರ್ ಅಪ್ಪನ ಹಳೆಯ ಶಿಷ್ಯ. ಬಾಕ್ಸಿಂಗಿನಲ್ಲಿ ಅವನಷ್ಟು ಜೋರಾಗಿ ನೆಲ ಕಚ್ಚಿದವರು ಇನ್ನೊಬ್ಬರಿಲ್ಲ. ಅಲ್ಲಿ ನುಣುಪಾದ ನೆಲ, ತಣ್ಣನೆಯ ಗಾಳಿ, ಸಾಲಾಗಿ ಪರದೆಗಳು. ಪಾಠದ ವಿಡಿಯೋ ನೋಡಬೇಕು, ಕೆಳಗಿನ ಗುಂಡಿ ಒತ್ತಬೇಕು. ಕಲಿಸುವ ಅಭ್ಯಾಸವೂ ಇತ್ತು: ಒಬ್ಬ ತರಬೇತುದಾರ ನಿಂತು ಪಾಠ ಮಾಡುತ್ತಾನೆ, ಉಳಿದವರು ತಮಗೆ ಇಂಗ್ಲಿಷ್ ಬಾರದೆಂದು ನಟಿಸುತ್ತಾರೆ. ಹತ್ತಿ ನೋಡಲು ಹೋದ ದಿನ ಸೊಗಸಾದ ಇಂಗ್ಲಿಷ್ ಮಾತಾಡುವ ಹನ್ನೆರಡು ಜನ "ಸೇಬು" ಎಂಬ ಪದವನ್ನು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲವೆಂಬಂತೆ ಬಾಯಿ ಬಿಟ್ಟುಕೊಂಡು ಕೂತಿದ್ದರು. ಪಾಠ ಮಾಡಿದವನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಡೆಗೆ ತೂಗುಹಾಕುವಂಥ ಸರ್ಟಿಫಿಕೇಟು ಎರಡೇ ವಾರದಲ್ಲಿ ಕೈಗೆ.

ಇನ್ನೊಂದು ದೂರದ ಬಂದರಿನ ಊರಲ್ಲಿ, ಹಳೆಯ ಗೋದಾಮಿನೊಳಗೆ. ರೈಲಿನಲ್ಲಿ ಇಡೀ ಹಗಲು ಕೂತರೆ ಸಿಗುವ ಊರು. ಅಲ್ಲಿ ಎರಡನೇ ದಿನದಿಂದಲೇ ನಿಜವಾದ ಕಲಿಯುವವರ ಎದುರು ನಿಲ್ಲಿಸಿಬಿಡುತ್ತಿದ್ದರು: ಹಡಗು ತೊಳೆಯುವವರು, ಕ್ರೇನ್ ಓಡಿಸುವವರು, ಮಗುವಿನ ಕಾಯಿಲೆಯನ್ನು ಡಾಕ್ಟರಿಗೆ ವಿವರಿಸಲಾಗದ ತಾಯಂದಿರು. ಹಿಂದಿನ ಬೆಂಚಿನಲ್ಲಿ ಹಿರಿಯ ಮೇಡಮ್ ಒಬ್ಬರು ಕೂತು ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಅದರ ಮೂಳೆ ಮೂಳೆ ಬಿಡಿಸಿಡುತ್ತಿದ್ದರು. ಹತ್ತಿ ಹೋದ ದಿನ ಕ್ರೇನಿನವನೊಬ್ಬ ಪಾಠದ ನಡುವೆ ಎದ್ದು ನಿಂತು, "ನೀವು ಇಷ್ಟು ಹೊತ್ತು ಹೇಳಿದ್ದರಲ್ಲಿ ನನ್ನ ತಲೆಗೆ ಒಂದಕ್ಷರ ಹತ್ತಲಿಲ್ಲ," ಎಂದು ಕೈಸನ್ನೆ, ಮುರುಕು ಮಾತು ಎಲ್ಲ ಸೇರಿಸಿ ಗುಡುಗಿದ. ಪಾಠ ಮಾಡುತ್ತಿದ್ದವಳ ಕಣ್ಣಲ್ಲಿ ಬಂದ ನೀರಿಗೆ ಅಲ್ಲಿ ನಿಂತ ಹಡಗುಗಳು ಒಂದು ಗೇಣು ಮೇಲೆ ತೇಲಿದವು. ಮೇಡಮ್ ಮಾತ್ರ ಕದಲಲಿಲ್ಲ. "ಮುಖ ತೊಳ್ಕೊಂಡು ಬಾ. ಅವರು ಎಲ್ಲೂ ಹೋಗಲ್ಲ, ಕಾಯ್ತಾರೆ," ಎಂದರು. ಅವಳು ಮುಖ ತೊಳೆದು ಬಂದಳು. ಅವರು ಕಾದಿದ್ದರು.

ಇಲ್ಲಿ ಪೆಟ್ಟು ಬೀಳುವುದು ಕಲಿಸುವವರಿಗೆ, ಕಲಿಯುವವರಿಗಲ್ಲ. ಹತ್ತಿಗೆ ಅಷ್ಟು ಸಾಕಾಯಿತು. ಮೇಡಮ್ ಅವಳಿಗೊಂದು ಸೀಟು ಹಿಡಿದಿಟ್ಟರು, ಮಂಗಳವಾರ ಬೆಳಿಗ್ಗೆ ಬಂದು ಕೂತರೆ ಅವಳದು, ಇಲ್ಲದಿದ್ದರೆ ಸರದಿಯಲ್ಲಿದ್ದವರದು ಎಂದು ಹೇಳಿ.

ತೊಂದರೆ ಏನೆಂದರೆ, ಆರು ವಾರದ ಆ ತರಬೇತಿಯ ನಟ್ಟನಡುವೆ ಅಣ್ಣನ ಚಾಂಪಿಯನ್‌ಶಿಪ್ ಪಂದ್ಯವಿತ್ತು.

ಅಣ್ಣನಿಗೆ ಗೂಳಿ ಎಂದು ಹೆಸರು. ಕುತ್ತಿಗೆ ಇಲ್ಲದ ಮನುಷ್ಯ. ತಲೆಯನ್ನು ನೇರ ಭುಜದ ಮೇಲೆ ಇಟ್ಟು ಮರೆತಂತಿದ್ದ. ಅವನು ಗುದ್ದಿದ ಮರಳಿನ ಚೀಲಗಳು ಮಾರನೇ ದಿನ ರಜೆ ಕೇಳುತ್ತಿದ್ದವು. ಆದರೆ ಎಡ ಹುಬ್ಬಿನ ಚರ್ಮ ಮಾತ್ರ ಕಾಗದ, ಕೆಟ್ಟದಾಗಿ ನೋಡಿದರೂ ಹರಿಯುತ್ತಿತ್ತು. ತಂಗಿಯಿಲ್ಲದೆ ಅವನು ಒಂದು ಪಂದ್ಯವನ್ನೂ ಆಡಿದವನಲ್ಲ.

ಶನಿವಾರ ಊಟದ ಮೇಜಿನಲ್ಲಿ ಅವಳು ವಿಷಯ ಎತ್ತಿದಾಗ ಅಪ್ಪ ಚಮಚ ಕೆಳಗಿಟ್ಟ. ಅವನನ್ನು ಮನೆಯವರೂ ಸೇರಿ ಇಡೀ ಬೀದಿ ಕೋಚ್ ಎಂದು ಕರೆಯುತ್ತಿತ್ತು.

"ಟೀಚರ್ ಆಗೋದು ಬೇಡ ಅಂದ್ನಾ ನಾನು? ಆಗು. ಔಷಧಿ ಅಂಗಡಿ ಮೇಲೆ ಆಗು. ಬೆಳಿಗ್ಗೆ ಅಲ್ಲಿ, ಸಾಯಂಕಾಲ ಇಲ್ಲಿ."

"ಅಲ್ಲಿ ಕಲಿಯೋರೇ ಇಲ್ಲ ಅಪ್ಪ. ಎಲ್ಲ ನಾಟಕ. ನಿನ್ನ ಬಾಕ್ಸರ್‌ಗಳನ್ನ ಬರೀ ಕನ್ನಡಿ ಮುಂದೆ ಕುಣಿಸಿ ಪಂದ್ಯಕ್ಕೆ ಕಳಿಸ್ತೀಯಾ?"

"ನನ್ನ ಪಂದ್ಯ ಬಿಟ್ಟು ಹೋಗ್ತೀಯೇನೇ?" ಗೂಳಿಯ ಮುಖ ಕೆಂಪಾಯಿತು. "ಯಾರೋ ಕ್ರೇನ್ ಓಡಿಸೋನು ನಿಂಗೆ ಅಣ್ಣನಿಗಿಂತ ಹೆಚ್ಚಾದ್ನಾ?"

"ಕ್ರೇನ್ ಓಡಿಸೋನು ಅರ್ಥ ಆಗದಿದ್ರೆ ಅರ್ಥ ಆಗಿಲ್ಲ ಅಂತಾನೆ. ನೀನು ತಲೆಗೆ ಏಟು ಬಿದ್ದು ಗರಗರ ತಿರುಗ್ತಿದ್ರೂ ಚೆನ್ನಾಗಿದೀನಿ ಅಂತೀಯ."

"ನೋಡು ಅತ್ತೆ, ಇವಳ ನಾಲಿಗೆ!"

"ಅದು ಮನೆತನದ್ದು," ಎಂದಳು ಅತ್ತೆ, ತಟ್ಟೆಯಿಂದ ತಲೆ ಎತ್ತದೆ. "ತಿನ್ನು. ನಾಳೆ ಅಗಿಯೋಕೆ ಹಲ್ಲಿರುತ್ತೋ ಇಲ್ಲವೋ."

ಅಲ್ಲಿಗೆ ತೀರ್ಮಾನವಾದಂತೆ. ಭಾನುವಾರ ಬೆಳಿಗ್ಗೆ ರಿಂಗು.

ತೂಕ ಹೆಚ್ಚಿದ್ದವರ ಬಲಗೈಯನ್ನು ಸ್ಕಿಪ್ಪಿಂಗ್ ಹಗ್ಗದಿಂದ ಸೊಂಟಕ್ಕೆ ಕಟ್ಟಬೇಕು, ಇದು ಮನೆಯ ನ್ಯಾಯ. ಕೋಚ್ ಮಗನ ಬಲಗೈ ಕಟ್ಟಿದ. ರೆಫರಿಯೂ ಅವನೇ, ಗೂಳಿಯ ಮೂಲೆಯವನೂ ಅವನೇ. ಎರಡಕ್ಕೂ ಒಬ್ಬನೇ ಆದರೆ ಅನ್ಯಾಯವಲ್ಲವೇ ಎಂದು ಕೇಳಿದವರಿಗೆ ಅವನು ಮೂರನೆಯದಾಗಿ ಪ್ರೇಕ್ಷಕನೂ ಆಗುತ್ತಿದ್ದ. ಗಂಟೆಯ ಬಳಿ ಅತ್ತೆ. ಹತ್ತಿಯ ಮೂಲೆಯಲ್ಲಿ ಒಂದು ಬಕೆಟ್ ನೀರು.

"ಬಾ ಬಾ ಟೀಚರಮ್ಮ, ಪಾಠ ಶುರು ಮಾಡು," ಎಂದು ಗೂಳಿ ಹಲ್ಲು ಕಿರಿದ.

ಮೊದಲ ಸುತ್ತಿನಲ್ಲಿ ಅವನು ತಂಗಿಯನ್ನು ಎಡಗೈಯಿಂದ ಬಾಗಿಲು ತಳ್ಳಿದಂತೆ ತಳ್ಳುತ್ತಿದ್ದ, ಅಷ್ಟೇ. ಆ ತಳ್ಳುವಿಕೆಗೇ ಅವಳ ಪಕ್ಕೆಲುಬು ಹಾರ್ಮೋನಿಯಮ್ಮಿನಂತೆ ಸದ್ದು ಮಾಡಿತು. ಅವಳು ಮಾತ್ರ ಆಟಕ್ಕೆ ಬಂದಿರಲಿಲ್ಲ. ಆ ಮುಖದ ಒಂದೊಂದು ಗಾಯವನ್ನೂ ಕೂಡಿಸಿದವಳು ಅವಳು. ಯಾವುದು ಎಲ್ಲಿ ಬಿಚ್ಚುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಎಡ ಭುಜ ಇಳಿಸಿ, ಬಲಗೈ ಬೀಸಿ, ಹುಬ್ಬಿನ ಹಳೆಯ ಗೆರೆಯ ಮೇಲೆಯೇ ಗುದ್ದಿದಳು. ಮತ್ತೆ ಅಲ್ಲಿಗೇ. ಮತ್ತೆ ಅಲ್ಲಿಗೇ. ಚರ್ಮ ಪಟ್ಟನೆ ಬಿಟ್ಟಿತು. ಚಿಮ್ಮಿದ ರಕ್ತ ಚಾವಣಿಯ ದೀಪಕ್ಕೆ ತಾಗಿ ಇಡೀ ಹಜಾರ ಸ್ವಲ್ಪ ಹೊತ್ತು ಕೆಂಪಾಗಿತ್ತು.

ಗಂಟೆ.

"ಮುಚ್ಚು!" ಎಂದ ಕೋಚ್.

ಹತ್ತಿ ತನ್ನ ಸ್ಟೂಲಿನಿಂದ ಅಪ್ಪನನ್ನು ನೋಡಿದಳು. ಅವಳು ಎದುರಾಳಿ. ಆದರೆ ಆ ಮನೆಯಲ್ಲಿ ಗಾಯ ಮುಚ್ಚಬಲ್ಲ ಇನ್ನೊಂದು ಜೋಡಿ ಕೈ ಇರಲಿಲ್ಲ. ಹಲ್ಲಿನಿಂದ ಗ್ಲೌಸ್ ಕಿತ್ತೆಸೆದು ಆಚೆ ಮೂಲೆಗೆ ಓಡಿದಳು. ಹತ್ತಿ ಒತ್ತಿದಳು, ಬಿಲ್ಲೆ ಅದುಮಿದಳು. ಕೈ ಗಾಯದ ಮೇಲೆ ಕೂತ ತಕ್ಷಣ, ಇಷ್ಟು ವರ್ಷದ ಅಭ್ಯಾಸದಂತೆ, ಬಾಯಿ ತಾನಾಗಿ ತೆರೆಯಿತು.

"ನನ್ನ ಕಣ್ಣು ನೋಡು. ಅವಳು ಬಲಗೈ ಬೀಸೋಕೆ ಮುಂಚೆ ಎಡ ಭುಜ ಇಳಿಸ್ತಾಳೆ. ಭುಜ ಇಳೀತು ಅಂದ್ರೆ ಮುಖ ಖಾಲಿ. ಆಗ ಕೆಳಗಿಂದ ಹೊಡಿ. ಏನಂದೆ, ಹೇಳು?"

"ಭುಜ ಇಳಿದ್ರೆ ಕೆಳಗಿಂದ."

"ಶಭಾಷ್. ಹೋಗು."

ತನ್ನ ಮೂಲೆಗೆ ಮರಳುತ್ತ ರಿಂಗಿನ ಅರ್ಧಕ್ಕೆ ಬಂದಾಗ, ತಾನು ಯಾರಿಗೆ ಏನು ಕಲಿಸಿ ಬಂದೆ ಎಂಬುದು ಅವಳಿಗೆ ಹೊಳೆಯಿತು. ಗಂಟೆಯ ಬಳಿ ಅತ್ತೆ ಹಣೆ ಚಚ್ಚಿಕೊಂಡಳು.

ಎರಡನೇ ಸುತ್ತು. ಭುಜ ಇಳಿಸಬಾರದು ಎಂದು ಜಪಿಸುತ್ತಲೇ ಇಳಿಸಿದಳು. ಗೂಳಿ ಕಲಿತದ್ದನ್ನು ಕಲಿತಂತೆಯೇ ಒಪ್ಪಿಸಿದ. ಕೆಳಗಿನಿಂದ ಎದ್ದು ಬಂದ ಆ ಎಡಗೈ ಗುದ್ದಿಗೆ ಅವಳ ಎರಡೂ ಕಾಲು ನೆಲ ಬಿಟ್ಟವು. ಹಿಂದಿನ ಹಲ್ಲೊಂದು ಬಾಯಿಯಿಂದ ಹಾರಿ ಬಕೆಟ್ಟಿಗೆ ಬಿದ್ದ ಸದ್ದು ಅವಳು ನೆಲಕ್ಕೆ ಬೀಳುವ ಮುನ್ನವೇ ಕೇಳಿಸಿತು. ಕೋಚ್‌ನ ಎಣಿಕೆ ಎಂಟಕ್ಕೆ ಬಂದಾಗ ಎದ್ದಳು. ಅಷ್ಟರಲ್ಲಿ ಗೂಳಿಗೆ ಎದುರಿಗಿರುವವಳು ತಂಗಿ ಎಂಬುದು ಮರೆತುಹೋಗಿತ್ತು. ಹಗ್ಗಕ್ಕೆ ಒತ್ತಿ ಹೊಡೆದ. ಹೊಟ್ಟೆಗೆ, ಪಕ್ಕೆಗೆ, ಕಿವಿಗೆ. ಅವಳು ಬಾಯಿ ತುಂಬ ರಕ್ತ ನುಂಗುತ್ತ, ಕಣ್ಣು ಮುಚ್ಚಿಕೊಂಡು, ಒಂದೇ ಜಾಗಕ್ಕೆ ಗುದ್ದುತ್ತ ಹೋದಳು. ತಾನು ಈಗಷ್ಟೇ ಮುಚ್ಚಿದ ಜಾಗಕ್ಕೆ.

ಗಂಟೆ ಹೊಡೆದಾಗ ಗೂಳಿ ತನ್ನ ಮೂಲೆ ಯಾವುದೆಂದು ಕೈಯಿಂದ ತಡಕಿ ಹುಡುಕುತ್ತಿದ್ದ.

"ಮುಚ್ಚು!"

ಅವಳು ಹತ್ತಿ ಹಿಡಿದು ಬಗ್ಗಿದಳು. ಸೀಳು ಹುಬ್ಬಿನಿಂದ ರೆಪ್ಪೆಯವರೆಗೆ ಇಳಿದಿತ್ತು, ಒಳಗೆ ಬಿಳಿಯದು ಕಾಣುತ್ತಿತ್ತು. ಚಿಟ್ಟೆಯದೂ ಹೀಗೆಯೇ ಇತ್ತು. ಅಂದು ಅವಳ ಕೈ ಹಿಂದೆ ಸರಿದಿರಲಿಲ್ಲ. ಇಂದು ಗಾಯದ ಹತ್ತಿರ ಹೋಗಿ ಹಿಂದೆ ಬಂತು.

"ಮುಚ್ಚಲ್ಲ," ಎಂದಳು.

"ಏನಂದೆ?"

"ಆಸ್ಪತ್ರೆಗೆ ಕರ್ಕೊಂಡು ಹೋಗಿ ಹೊಲಿಗೆ ಹಾಕಿಸಪ್ಪ. ನಾನು ಮುಚ್ಚಲ್ಲ."

ಕೋಚ್ ನಕ್ಕ. "ಓಹೋ! ಮುಚ್ಚದಿದ್ರೆ ಇವನು ಮೂರನೇ ರೌಂಡಿಗೆ ಏಳಲ್ಲ, ಏಳದಿದ್ರೆ ನೀನು ಗೆದ್ದೆ. ಯಾರ ಹತ್ರ ಕಲಿತೆ ಈ ಕಳ್ಳಾಟ?"

ಅವನ ಮಾತಿನಲ್ಲಿ ನ್ಯಾಯವಿತ್ತು, ಅದೇ ಅವಳಿಗೆ ಉರಿದದ್ದು. ಬಂದರಿನ ಗೋದಾಮು, ಹಿಂದಿನ ಬೆಂಚಿನ ಮೇಡಮ್, ಮಂಗಳವಾರದ ಸೀಟು, ಎಲ್ಲವೂ ಒಂದು ಸಲ ಕಣ್ಣ ಮುಂದೆ ಹಾದುಹೋದವು. ಹೆಗಲ ಮೇಲಿನ ಟವೆಲ್ ತೆಗೆದು ರಿಂಗಿನ ನಡುವೆ ಎಸೆದಳು.

"ಹಾಗಾದ್ರೆ ನಾನೇ ಸೋತೆ. ತಗೋ. ಸೋತೋಳು ಸೋತೆ ಅಂತಿದೀನಿ, ಕಳ್ಳಾಟ ಎಲ್ಲಿ ಬಂತು? ಈಗ್ಲಾದ್ರೂ ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು."

ಹಜಾರದಲ್ಲಿ ತೂಗುತ್ತಿದ್ದ ಮರಳಿನ ಚೀಲಗಳು ಕೂಡ ಉಸಿರು ಬಿಗಿಹಿಡಿದವು. ಆ ಮನೆಯಲ್ಲಿ ನಿಂತ ಕಾಲ ಮೇಲೆ ಸೋತವರು ಅದುವರೆಗೆ ಯಾರೂ ಇರಲಿಲ್ಲ.

"ಗೂಳಿ ಗೆದ್ದ," ಎಂದ ಕೋಚ್. "ನಾಳೆಯಿಂದ ಔಷಧಿ ಅಂಗಡಿ ಮೇಲೆ. ಡೈರೆಕ್ಟರ್‌ಗೆ ನಾನೇ ಹೇಳ್ತೀನಿ."

"ಲೋ ತಮ್ಮ," ಎಂದಳು ಅತ್ತೆ. "ಗೆದ್ದೋರದ್ದು ಕೊನೆ ಮಾತು ಅಲ್ವೇನೋ? ಗೆದ್ದೋನು ಅವನು. ನಿನ್ನ ಬಾಯಿ ಯಾಕೆ ಒದರ್ತಿದೆ? ಅವನು ಹೇಳ್ಲಿ."

ಗೂಳಿ ಒಂದೇ ಕಣ್ಣು ತೆರೆದು, ತಂಗಿಯನ್ನು ಹುಡುಕಿ ನೋಡಿದ. ಅವಳ ದವಡೆ ಹಲಸಿನ ಹಣ್ಣಿನಷ್ಟು ಊದಿತ್ತು. ಅದು ತನ್ನ ಕೈಕೆಲಸ ಎಂದು ಅವನಿಗೆ ಆಗಷ್ಟೇ ತಿಳಿದಂತಿತ್ತು.

"ಬಂದರಿಗೇ ಹೋಗ್ಲಿ," ಎಂದ.

"ತಲೆಗೆ ಏಟು ಬಿದ್ದಿದೆ ಇವನಿಗೆ," ಎಂದ ಕೋಚ್.

"ಬಿದ್ದಿದೆ. ಆದ್ರೂ ಕೇಳು. ಇವಳು ಔಷಧಿ ಅಂಗಡಿ ಮೇಲೆ ಕೂತ್ರೆ, ನೀನು ಕೂಗಿದ ತಕ್ಷಣ ಇಳಿದು ಬರ್ತಾಳೆ. ಬಂದ್ರೆ ಮುಚ್ಚು ಅಂತೀಯ. ಮುಚ್ಚಿದ್ರೆ ನನ್ನ ಇನ್ನೊಂದು ರೌಂಡಿಗೆ ತಳ್ತೀಯ. ಇವಳು ಇಲ್ಲಿಲ್ಲ ಅಂದ್ರೆ ರೆಫರಿ ನಿಲ್ಲಿಸ್ತಾನೆ. ನಂಗೆ... ನಂಗೆ ನಿಲ್ಲಿಸೋರು ಬೇಕಪ್ಪ. ನಾನಾಗಿ ನಿಲ್ಲಿಸೋಕೆ ನಂಗೆ ಬರಲ್ಲ. ಕಲಿಸಿಲ್ಲ ನೀನು."

ಇಡೀ ಜೀವನದಲ್ಲಿ ಗೂಳಿ ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು. ಕೋಚ್‌ನ ಮುಖ ಸುಟ್ಟ ಇಟ್ಟಿಗೆಯಂತಾಯಿತು.

"ನಾನು ಒಪ್ಪಲ್ಲ. ಒಪ್ಪದಿದ್ರೆ ಏನು ಅಂತ ಗೊತ್ತಲ್ಲ ನಿಂಗೆ? ಏಳು!" ವಾಚು ಬಿಚ್ಚಿ ಜೇಬಿಗೆ ಹಾಕಿದ. "ಅಕ್ಕ, ಗಂಟೆ ಹೊಡಿ."

"ಹೊಡೆಯಲ್ಲ. ಅವನ ಕೈ ಕಟ್ಟಿದೆ, ಕಣ್ಣಿಗೆ ರಕ್ತ ಇಳಿದಿದೆ. ಇದು ಪಂದ್ಯ ಅಲ್ವೋ, ಹೊಡೆತ."

ಕೋಚ್‌ಗೆ ಗಂಟೆ ಬೇಕಾಗಿರಲಿಲ್ಲ. ಮಗನನ್ನು ಸ್ಟೂಲಿನಿಂದ ಎಳೆದು ನಿಲ್ಲಿಸಿ, ಬರಿಗೈಯಲ್ಲಿ ಎದೆಗೆ ಗುದ್ದಿದ. ಗೂಳಿ ಹಗ್ಗದವರೆಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಅದೇ ಜಾಗದಲ್ಲಿ ನಿಂತ. ಕಟ್ಟದೆ ಬಿಟ್ಟಿದ್ದ ಎಡಗೈಯನ್ನೂ ಎತ್ತಲಿಲ್ಲ.

"ಕೈ ಎತ್ತೋ!"

"ಎತ್ತಲ್ಲ."

ಎರಡನೇ ಗುದ್ದು ದವಡೆಗೆ. ನೆಲದ ಹಲಗೆ ಬಿರುಕು ಬಿಟ್ಟು ಕೆಳಗಿದ್ದ ಇಲಿಗಳು ಊರು ಖಾಲಿ ಮಾಡಿದವು. ಗೂಳಿಯ ಮಂಡಿ ಮಡಚಿಕೊಂಡು, ಮತ್ತೆ ನೆಟ್ಟಗಾಯಿತು.

"ಎತ್ತೋ ಅಂದೆ! ನನ್ನ ಮಗ ಆಗಿದ್ರೆ ಎತ್ತು!"

"ನಿನ್ನ ಮಗನೇ. ಎತ್ತಲ್ಲ."

ಕೋಚ್ ಮೂರನೆಯದಕ್ಕೆ ಕೈ ಹಿಂದೆಳೆದ. ಕಣ್ಣು ನೆಟ್ಟದ್ದು ಹರಿದ ಹುಬ್ಬಿನ ಮೇಲೆ. ಬೇರೆ ಯಾವ ಜಾಗವೂ ಅವನಿಗೆ ಕಾಣುತ್ತಿರಲಿಲ್ಲ. ಆ ಕೈ ಹೊರಡುವ ಮುನ್ನ ಇಬ್ಬರ ನಡುವೆ ಹತ್ತಿ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಗ್ಲೌಸ್ ಇರಲಿಲ್ಲ. ಬರೀ ಮುಷ್ಟಿ. ಬಕೆಟ್ಟಿಗೆ ಬಿದ್ದ ಹಲ್ಲು, ಚಿಟ್ಟೆಯ ಕಣ್ಣು, ಇಷ್ಟು ವರ್ಷ ಕಿವಿಯಲ್ಲಿ ಬಡಿದ "ಮುಚ್ಚು" ಎಂಬ ಮಾತು, ಎಲ್ಲವನ್ನೂ ಆ ಮುಷ್ಟಿಯೊಳಗೆ ಹಿಡಿದು ಅಪ್ಪನ ಗಲ್ಲದ ಮೇಲೆ ಬಿಟ್ಟಳು. ಆ ಏಟಿನ ಗಾಳಿಗೆ ಅತ್ತೆಯ ತಲೆಗೂದಲು ಬಿಚ್ಚಿಕೊಂಡಿತು. ಅಕ್ಕನ ಕಾಲದ ನಂತರ ಯಾರೂ ಮಲಗಿಸದ ಮನುಷ್ಯ ಕಡಿದ ಮರದಂತೆ ನೇರ ಹಿಂದಕ್ಕೆ ಉರುಳಿದ.

"ಒಂದು," ಎಂದಳು ಅತ್ತೆ. ಎಣಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಅಂಕಿಯನ್ನೂ ಬಾಯಲ್ಲಿ ಹೊರಳಾಡಿಸಿ, ರುಚಿ ನೋಡಿ, ಆಮೇಲೆ ಹೊರಗೆ ಬಿಟ್ಟಳು. ಹತ್ತು ಎನ್ನುವಷ್ಟರಲ್ಲಿ ಬೀದಿಯ ಅಂಗಡಿಗಳು ತೆರೆದಿದ್ದವು.

ಹತ್ತಿಗೆ ತನ್ನ ಕೈಯನ್ನು ನೋಡಲು ಭಯವಾಯಿತು. ಗೆಣ್ಣುಗಳ ಚರ್ಮ ಸುಲಿದಿತ್ತು. ಅಪ್ಪನ ತುಟಿ ಒಡೆದಿತ್ತು. ಅಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ, ಅವನ ಸೊಂಟದ ಹಗ್ಗ ಬಿಚ್ಚಿ, ಮಡಿಸಿದ ಟವೆಲನ್ನು ಅವನ ಹುಬ್ಬಿಗಿಟ್ಟು, "ನೀನೇ ಒತ್ತಿ ಹಿಡ್ಕೋ. ಟ್ಯಾಕ್ಸಿ ಬರೋವರೆಗೆ ಬಿಡಬೇಡ," ಎಂದಳು. ಅತ್ತೆ ಆಗಲೇ ಬಾಗಿಲಿಗೆ ಹೋಗಿ ಟ್ಯಾಕ್ಸಿಯೊಂದಕ್ಕೆ ಕೈ ಬೀಸುತ್ತಿದ್ದಳು. ಗೂಳಿಯ ರಕ್ತ ಸಿಡಿದಿದ್ದ ಅವಳ ತೋಳು ಕಂಡು ಎರಡು ಗಾಡಿ ನಿಲ್ಲದೆ ಹೋದವು. ಮೂರನೆಯದು ಅತ್ತೆಯ ಮುಖ ಕಂಡು ನಿಂತಿತು.

ಕೋಚ್ ಎದ್ದು ಕೂತ. ಬಾಯಿಯ ರಕ್ತವನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. ಮಗಳ ಕಾಲುಗಳನ್ನಷ್ಟೇ ನೋಡುತ್ತ ಕೇಳಿದ.

"ರೈಲು ಎಷ್ಟೊತ್ತಿಗೆ?"

"ನಾಳೆ ಬೆಳಿಗ್ಗೆ. ಸಂಜೆಗೆ ಅಲ್ಲಿರ್ತೀನಿ."

"ಈ ಮೂತಿ ಇಟ್ಕೊಂಡು ಹೋಗ್ತೀಯಾ?"

"ಇದೇ ಇರೋದು."

ಅವನು ತಲೆಯಾಡಿಸಿದ. ಒಪ್ಪಿದನೋ, ಕುತ್ತಿಗೆ ಉಳಿದಿದೆಯೇ ಎಂದು ನೋಡಿಕೊಂಡನೋ ಹೇಳುವುದು ಕಷ್ಟ. ಏಳಲು ಹೋಗಿ, ಆಗದೆ, ಮತ್ತೆ ಕೂತ. ಅವಳು ಕೈ ಕೊಡಲಿಲ್ಲ. ಅವನೂ ಚಾಚಲಿಲ್ಲ.

"ಅಲ್ಲಿ ಯಾರಾದ್ರೂ ನಿನ್ನ ಮೇಲೆ ಕೈ ಮಾಡಿದ್ರೆ?"

"ಟೀಚರ್ ಮೇಲೆ ಯಾರಪ್ಪ ಕೈ ಮಾಡ್ತಾರೆ?"

ಕೋಚ್ ಒಡೆದ ತುಟಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ.

"ಸ್ಕೂಲಲ್ಲಿದ್ದಾಗ ನಾನು ಮಾಡಿದ್ದೆ," ಎಂದ.